ಕಾಲಿನಿಂದ ಎದೆಗೆ ಹೋದ ನರ

ಸಂಜೆಬೆಳಕಿನಲ್ಲಿ ಕಾರವಾರದ ಸಮುದ್ರದಂಡೆಯೇ ತೇಲುತ್ತಿರುವಂತಿತ್ತು. ಆ ಹೊಂಬಣ್ಣದ ನೀರಿನೊಳಗಿಂದ, ಲುಂಗಿ ಎತ್ತಿ ಕಟ್ಟಿದ ವೃದ್ಧರೊಬ್ಬರು ನಿಧಾನವಾಗಿ ನಮ್ಮತ್ತ ನಡೆದು ಬಂದರು. ಅವರ ಒಂದು ಕಾಲಿನಲ್ಲಿ ಪಾದದ ಗಂಟಿನಿಂದ ಮೊಣಕಾಲಿನವರೆಗೆ ಉದ್ದನೆಯ ಹೊಲಿಗೆಯ ಗುರುತು. ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದರೂ ಬೈಪಾಸ್ ಬೇಡವೆಂದು ಹಟ ಹಿಡಿದಿದ್ದ ನನ್ನ ಗಂಡ ಅದನ್ನೇ ನೋಡುತ್ತ ಕುಳಿತರು.

ವೃದ್ಧರೇ ನಕ್ಕು ಹೇಳಿದರು: “ಇಲ್ಲಿಂದ ನರ ತೆಗ್ದು ಎದೆಗೆ ಹಾಕಿದ್ರು. ಹನ್ನೊಂದು ವರ್ಷ ಆಯ್ತು. ಚೆಂಡಿಯಾ ಊರಿನ ನಮ್ಮನೆ ಜಾಗ ನೌಕಾನೆಲೆಗೆ ಹೋದಾಗ ಹೊಸ ಮನೆ ಕಟ್ಸಿದ್ದೂ ಇದೇ ಎದೆ ಇಟ್ಕಂಡೇ.”

“ಹಾಕಿದ ನರ ಮತ್ತೆ ಮುಚ್ಚಿಹೋದ್ರೆ?” ನನ್ನ ಬಳಿಯೂ ಹೇಳಿಕೊಳ್ಳದಿದ್ದ ಭಯ ಗಂಡನ ಬಾಯಿಂದ ಹೊರಬಿತ್ತು.

“ಹಾಕಿದ ಮೂರರಲ್ಲಿ ಒಂದು ಮುಚ್ಚೇ ಹೋಯ್ತು ಮಾರಾಯ್ರೇ. ಬೀಡಿ ಬಿಟ್ಟೆ, ಮಾತ್ರೆ ತಿಂತೆ, ಉಳಿದೆರಡರ ಮೇಲೆ ದಿನಾ ನಡೀತೆ. ಬನ್ನಿ, ನೀರು ಬೆಚ್ಚಗೆ ಅದೆ.”

ಗಂಡ ಚಪ್ಪಲಿ ಬಿಟ್ಟು ಎದ್ದರು. ಇಬ್ಬರೂ ಅಲೆಗಳ ಅಂಚಿನಲ್ಲಿ ಮಾತಾಡುತ್ತ ಸಾಗಿದರು. ಮಬ್ಬು ಬೆಳಕಿನಲ್ಲಿ ಯಾರು ಯಾರೆಂದು ತಿಳಿಯದಷ್ಟು ಸಣ್ಣಗಾದರು. ಅಂಕೋಲೆಗೆ ಮರಳುವ ಬಸ್ಸಿನಲ್ಲಿ ಗಂಡ, “ನಾಳೆ ಆಪರೇಷನ್ ತಾರೀಕು ಕೇಳಿಬಿಡ್ವ” ಎಂದರು.

ಆಪರೇಷನ್ ಆಗಿ ಎರಡು ವರ್ಷವಾಯಿತು. ಮೊದಮೊದಲು ಅವರು ಮಧ್ಯಾಹ್ನ ಮಲಗಿದಾಗ, ಎದೆ ಏರಿಳಿಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈಗ ಪಕ್ಕದಲ್ಲೇ ಚಾಪೆ ಹಾಸಿ ನಾನೂ ನಿದ್ದೆ ಹೋಗುತ್ತೇನೆ.