ಜತ್ತಿಗಿ ಗಂಟು

ಈ ವಾರವೆಲ್ಲ ಫೋನಿನಲ್ಲಿ ಕ್ಯಾಮೆರಾ ಬ್ಯಾಗುಗಳನ್ನೇ ನೋಡುತ್ತಿದ್ದೇನೆ. ಬೆನ್ನಿಗೆ ಹಾಕುವುದು, ಒಂದೇ ಹೆಗಲಿಗೆ ಜೋತುಬೀಳುವುದು, ಸೊಂಟಕ್ಕೆ ಕಟ್ಟುವುದು... ಎಡಹೆಗಲು ಈಗ ಭಾರ ತಡೆಯುವುದಿಲ್ಲ. ನೋಡಿ ನೋಡಿ ಬೇಸತ್ತು, ಹಳೆಯದೇನಾದರೂ ಇದ್ದೀತೆಂದು ಟ್ರಂಕು ತೆಗೆದೆ. ಮೊದಲು ಬಂದದ್ದು ವಾಸನೆ: ತಾಡಪತ್ರಿ, ಜೇನುಮೇಣ, ಅದರಡಿ ಹೊಳೆಯ ರೇವೆಮಣ್ಣು. ಆಮೇಲೆ ಕೈಗೆ ಸಿಕ್ಕಿದ್ದು ಚಾಚಾ ಹೊಲಿದುಕೊಟ್ಟ ನಡಪಟ್ಟಿ.

ಸಿಂದಗಿಯಲ್ಲಿ ಅವರ ಅಂಗಡಿಯಿತ್ತು. ಎತ್ತುಗಳಿಗೆ ಕೊರಳಪಟ್ಟಿ, ಜತ್ತಿಗಿ, ಮೂಗುದಾರ ಮಾಡಿ ಮಾರುತ್ತಿದ್ದರು. ಓಣಿಯೆಲ್ಲ ಚಾಚಾ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಆಗ ನಾನು ವಿಶ್ವವಿದ್ಯಾಲಯದ ಕೆಲಸಕ್ಕೆ ಹೊಳೆದಂಡೆಯ ಹಕ್ಕಿಗಳ ಫೋಟೊ ತೆಗೆಯುತ್ತ ಇಂಡಿಯಿಂದ ಮುದ್ದೇಬಿಹಾಳದವರೆಗೆ ಬಸ್ಸಿನಲ್ಲಿ ತಿರುಗುತ್ತಿದ್ದೆ. ನನ್ನ ಬೆನ್ನಿನ ಚೀಲ ಎರೆನೆಲದಲ್ಲಿ ಕೆಲಸಕ್ಕೆ ಬಾರದು. ಲೆನ್ಸ್ ಬದಲಿಸಲು ಅದನ್ನು ಇಳಿಸಬೇಕು, ಇಳಿಸಲು ಒಣ ಜಾಗ ಇರುತ್ತಿರಲಿಲ್ಲ. ಅಷ್ಟರಲ್ಲಿ ಹಕ್ಕಿ ಹೋಗಿರುತ್ತಿತ್ತು.

ಸೊಂಟಕ್ಕೆ ಕಟ್ಟುವಂಥದೊಂದು ಹೊಲಿದುಕೊಡಿ ಎಂದು ಕೇಳಿದಾಗ ಚಾಚಾ ಕ್ಯಾಮೆರಾ ಮುಟ್ಟಿಯೂ ನೋಡಲಿಲ್ಲ. ಎರಡು ಸಣ್ಣ ಚೀಲಕ್ಕೆ ಜೋಳ ತುಂಬಿದರು. ಅವನ್ನು ನವಾರದ ಪಟ್ಟಿಗೆ ಪೋಣಿಸಿ, ನನ್ನ ಸೊಂಟಕ್ಕೆ ಕಟ್ಟಿಸಿ, ಚಹಾದಂಗಡಿಯವರೆಗೆ ನಡೆದು ಬಾ ಅಂದರು. ಕುಂದ್ರು, ಏಳು, ಬಗ್ಗು. ಚಹಾದಂಗಡಿಯವನು ಕೂಗಿದ:

"ಚಾಚಾ, ಹೊಸಾ ಎತ್ತು ಪಳಗಸಾಕತ್ತೀರೇನ್ರಿ?"

"ಎತ್ತಿಗೆ ಭಾರ ಆದ್ರ ನಿಂದರತೈತೋ ತಮ್ಮಾ. ಈ ಓದಿದ ಮಂದಿ ನಿಂದ್ರೂದಿಲ್ಲ!"

ನಾನು ಪೇಟೆಯ ಪ್ಲಾಸ್ಟಿಕ್ ಕೊಂಡಿ ಕೇಳಿದ್ದೆ. ಅವರು ಒಪ್ಪಲಿಲ್ಲ. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಪಟ್ಟಿಯೇ ಜತ್ತಿಗಿ. ಅದರ ಗಂಟನ್ನೇ ನನಗೂ ಹಾಕಿದರು. "ಎತ್ತು ಮುಗ್ಗರಿಸಿ ಬಿತ್ತಂದ್ರ ಒಂದ ಸಲ ಜಗ್ಗಿದ್ರ ಬಿಚ್ಚಬೇಕವ್ವ. ಇಲ್ಲಾಂದ್ರ ಕೊರಳ ಹೋಗತೈತಿ." ಗಂಟಿನ ತುದಿಯನ್ನು ಬಲಗಡೆ ಇಳಿಬಿಟ್ಟು, ನನ್ನ ಕಣ್ಣು ಮುಚ್ಚಿಸಿ, ಮತ್ತೆ ಮತ್ತೆ ಜಗ್ಗಿಸಿದರು. ಹತ್ತು ಸಲವೋ ಇಪ್ಪತ್ತು ಸಲವೋ... ನನಗೆ ನಗು ಬರುತ್ತಿತ್ತು ಎಂಬುದಷ್ಟೇ ನೆನಪು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ತಂಗಡಗಿಯ ಹತ್ತಿರ, ಒಣಗಿದಂತೆ ಕಂಡ ರೇವೆಯ ಮೇಲೆ ಕಾಲಿಟ್ಟೆ. ದಂಡೆ ಕುಸಿದು ಹೊಳೆಗೆ ಜಾರಿದೆ. ನೀರು ತಲೆಯ ಮೇಲೆ ಬಂತು, ಸೊಂಟದ ಭಾರ ಕೆಳಗೆ ಎಳೆಯುತ್ತಿತ್ತು. ಮುಂದಿನದು ನನ್ನಲ್ಲಿಲ್ಲ. ನೆನಪು ಮತ್ತೆ ಶುರುವಾಗುವುದು ದಂಡೆಯ ಮೇಲೆ, ಕೆಮ್ಮುತ್ತ, ಸೊಂಟ ಹಗುರಾಗಿ. ಮರುದಿನ ಮೀನು ಹಿಡಿಯುವವರೊಬ್ಬರು ಪಟ್ಟಿಯನ್ನು ಎತ್ತಿಕೊಟ್ಟರು. ಕ್ಯಾಮೆರಾದೊಳಗೆ ರಾಡಿ ತುಂಬಿತ್ತು. ಒಂದಿಡೀ ಋತುವಿನ ಚಿತ್ರಗಳು ಅದರಲ್ಲಿದ್ದವು.

ನೇರ ಸಿಂದಗಿಗೆ ಹೋಗಿ ಪಟ್ಟಿಯನ್ನು ಚಾಚಾನ ಮುಂದೆ ಒಗೆದೆ.

"ನಿಮ್ಮ ಗಂಟು ತಾನ ಬಿಚ್ಚಿತ್ರಿ."

ಅವರು ಹೊಲಿಗೆಯ ಮೇಲೆ ಬೆರಳಾಡಿಸಿದರು. ತುದಿಯನ್ನು ಹಿಡಿದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಬಿಚ್ಚಿದ್ದು ಛಲೋ ಆತಲ್ಲವ್ವ. ನೀ ಬಂದಿ."

ಅದನ್ನು ತಪ್ಪೊಪ್ಪಿಗೆ ಎಂದುಕೊಂಡೆ. ನಮ್ಮ ತಂಡದ ನಾಲ್ವರು ಅಂಥದೇ ಪಟ್ಟಿಗೆ ಹೇಳಿದ್ದರು, ಚಾಚಾ ನವಾರ ಕತ್ತರಿಸಿಯೂ ಇಟ್ಟಿದ್ದರು. ನಾನು ಅವರಿಂದ ಬೇಡವೆನ್ನಿಸಿದೆ. ಇಂಡಿಯಲ್ಲಿ, ಬಸವನ ಬಾಗೇವಾಡಿಯಲ್ಲಿ, ಎಲ್ಲಿ ಚಹಾ ಕುಡಿದರೂ ಈ ಕತೆ ಹೇಳಿದೆ. ಎತ್ತಿಗೆ ಹೊಲಿಯುವವರ ಹತ್ತಿರ ಮನುಷ್ಯರು ಹೋಗಬಾರದು ಎಂದು ಮುಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು.

ನಿನ್ನೆ ಆ ವರ್ಷದ ದಿನಚರಿ ಹುಡುಕಿ ತೆಗೆದೆ. "ಗಂಟು ತಾನಾಗಿ ಬಿಚ್ಚಿತು" ಎಂದೇ ಬರೆದಿದ್ದೇನೆ, ಒತ್ತಿದ ಅಕ್ಷರಗಳಲ್ಲಿ. ನೆನಪಿದ್ದದ್ದನ್ನು ಬರೆದೆನೋ, ಬರೆದದ್ದನ್ನೇ ಇಷ್ಟು ವರ್ಷ ನೆನಪು ಅಂದುಕೊಂಡೆನೋ... ಪಟ್ಟಿಯ ಚೀಲಗಳಿಗೆ ದಪ್ಪ ಪುಸ್ತಕ ತುಂಬಿ, ಗಂಟು ಹಾಕಿ, ಮೆಟ್ಟಿಲು ಹತ್ತಿ ಇಳಿದೆ. ಜಿಗಿದೆ. ಪುಸ್ತಕ ತೆಗೆದು, ಪಟ್ಟಿಯನ್ನು ಬಕೆಟ್ಟಿನಲ್ಲಿ ನೆನೆಸಿ, ಕಲ್ಲು ತುಂಬಿ ಮತ್ತೆ ಕಟ್ಟಿದೆ. ಗಂಟು ಅಲುಗಲಿಲ್ಲ. ಸಾಕಾಗಿ ಕೂತೆ.

ಚಾಚಾ ತೀರಿಕೊಂಡಿದ್ದಾರೆ. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನನ್ನ ಕತೆ ಕೇಳಿ ನಕ್ಕವರಲ್ಲಿ ಕೆಲವರು ಇನ್ನೂ ಸಿಗುತ್ತಾರೆ, ಅವರಿಗೆ ಹೇಳಬಹುದು. ಹೇಳಬೇಕಾದವರು ಅವರಲ್ಲ.

ಇವತ್ತು ಒದ್ದೆ ಪಟ್ಟಿಯನ್ನೇ ಮತ್ತೊಮ್ಮೆ ಸೊಂಟಕ್ಕೆ ಕಟ್ಟಿಕೊಂಡು, ಕಲ್ಲಿನ ಭಾರದೊಂದಿಗೆ ನಿಂತು ಕಣ್ಣು ಮುಚ್ಚಿದೆ. ಏನು ಮಾಡಬೇಕೆಂದು ಯೋಚಿಸುವ ಮೊದಲೇ ಬಲಗೈ ತುದಿ ಹಿಡಿದು ಜಗ್ಗಿತ್ತು.