ಅಕ್ಕನ ಹಿಂಬಾಗಿಲು

ಪೇಟೆಯವರು ಅವನಿಗೆ ಇಟ್ಟ ಹೆಸರು ಹಿಂಬಾಗಿಲಪ್ಪ. ಅಗ್ನಿಶಾಮಕ ಠಾಣೆಯವನು ಅಂದರೆ ಗಂಟೆ ಬಾರಿಸಿಕೊಂಡು ಕೆಂಪು ಗಾಡಿಯಲ್ಲಿ ಬರಬೇಕು ತಾನೇ? ಇವನು ಬರುವುದು ಸೈಕಲ್ಲಿನಲ್ಲಿ, ಅದೂ ಎಲ್ಲೂ ಬೆಂಕಿಯಿಲ್ಲದ ದಿನ. ಮುಂಬಾಗಿಲಲ್ಲಿ ಮಾಲೀಕ ಹಲ್ಲು ಕಿರಿದು ನಿಂತಿದ್ದರೂ ಅವನನ್ನು ದಾಟಿಕೊಂಡು ಸೀದಾ ಹಿಂದಿನ ಬಾಗಿಲಿಗೇ ಹೋಗುತ್ತಾನೆ.

ಮೊದಲು ಅವನೂ ನೀರಿನ ಪೈಪು ಹಿಡಿದವನೇ. ಒಮ್ಮೆ ಏಣಿಯಿಂದ ಬಿದ್ದು ಮೊಣಕಾಲು ಕೈಕೊಟ್ಟಿತು. ಅಂದಿನಿಂದ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವ ಕೆಲಸ. ಇದಕ್ಕೆ ಶಹಬ್ಬಾಸ್ ಅನ್ನುವವರಿಲ್ಲ. ಏನೂ ಆಗದಿದ್ದರೆ ಯಾರು ಹೊಗಳುತ್ತಾರೆ, ಹೇಳಿ!

ತಪಾಸಣೆಗೆ ಅವನದೇ ಒಂದು ರೀತಿ. ಒಳಗಿನ ಮೂಲೆಗೆ ಹೋಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಗ್ಗಿ, ಗೋಡೆ ಸವರುತ್ತಾ ಹೊರಗಿನ ದಾರಿ ಹುಡುಕುತ್ತಾನೆ. ಹೊಗೆ ತುಂಬಿದ ಕೋಣೆಯಲ್ಲಿ ಕಣ್ಣಿದ್ದೂ ಪ್ರಯೋಜನವಿಲ್ಲ ಎಂದು ಅವನು ಅನುಭವಿಸಿ ಬಲ್ಲ. ಕೈಗೆ ಪೆಟ್ಟಿಗೆ ತಗುಲಿದರೆ ಪೆಟ್ಟಿಗೆ ಜಾಗ ಬಿಡಬೇಕು, ಬೀಗ ತಗುಲಿದರೆ ಬೀಗ ಹೋಗಬೇಕು. ನೋಡಿದವರು ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ, ಅವನಿಗೇನು.

ಅವತ್ತು ಚಪ್ಪಲಿ ಅಂಗಡಿಯ ಹಿಂಬಾಗಿಲಿಗೆ ಬೀಗ ಜಡಿದಿತ್ತು. ಇವನು ದಬಾಯಿಸಿದ. ಅಂಗಡಿಯವನು ತಣ್ಣಗೆ ಕೇಳಿದ: “ಸಾರ್, ನಿಮ್ಮ ಅಕ್ಕನ ಹೊಲಿಗೆಮನೆ ಹಿಂಬಾಗಿಲು ತೆಗೆದಿರುತ್ತಾ?”

ಹಿಂಬಾಗಿಲಪ್ಪ ಸೈಕಲ್ಲಿನತ್ತ ತಿರುಗಿದ. ಅಕ್ಕ ಅಂದರೆ ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ, ಹೊಲಿಗೆ ಮಿಷನ್ನು ತುಳಿದು ಓದಿಸಿದವಳು. ಈಗ ಮಹಡಿಯ ಮೇಲೆ ಅವಳದೇ ಹೊಲಿಗೆಮನೆ, ಕೈಕೆಳಗೆ ಹತ್ತಾರು ಹೆಂಗಸರು. ಮುಂಬಾಗಿಲ ಪಕ್ಕದಲ್ಲೇ ಇಸ್ತ್ರಿ ಮೇಜು, ಅಲ್ಲಿ ಬೆಂಕಿ ಹತ್ತಿದರೆ ಆ ದಾರಿ ಮುಚ್ಚಿದಂತೆಯೇ. ಹಿಂಬಾಗಿಲಿಗೆ ಅಡ್ಡಲಾಗಿ ಬಟ್ಟೆಯ ಥಾನುಗಳು, ಕಳ್ಳರ ಭಯಕ್ಕೆ ಬೀಗ ಬೇರೆ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಟೀ ಕುಡಿದು ಎದ್ದು ಬರುತ್ತಿದ್ದ. ಕೆಲಸ ನಿಲ್ಲಿಸು ಅಂದರೆ ಅಕ್ಕ ಮತ್ತೆ ತನ್ನ ಮುಖ ನೋಡಲಾರಳು ಎಂಬ ಹೆದರಿಕೆ. ಅವಳನ್ನು ಬಿಟ್ಟರೆ ಅವನಿಗೆ ಇನ್ಯಾರಿದ್ದಾರೆ?

ಚಪ್ಪಲಿ ಅಂಗಡಿಯಿಂದ ಸೈಕಲ್ಲು ನೇರ ಅಲ್ಲಿಗೇ ಹೋಯಿತು. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಕೆಲಸ ಭರದಿಂದ ಸಾಗಿತ್ತು.

“ಬಾರೋ, ಟೀ ಹಾಕಿಸ್ತೀನಿ” ಅಂದಳು ಅಕ್ಕ.

“ಟೀ ಬೇಡ. ಹಿಂದಿನ ಬಾಗಿಲ ಕೀಲಿಕೈ ಕೊಡಕ್ಕಾ.”

ಅವಳು ಸೊಂಟ ತಡಕಿದಳು, ಡ್ರಾಯರು ಎಳೆದಳು, ಗುಂಡಿಗಳ ಡಬ್ಬಿ ಸುರಿದಳು. ಕೀಲಿಕೈ ಇಲ್ಲ! “ಎಲ್ಲೋ ಇರತ್ತೆ, ಆಮೇಲೆ ಹುಡುಕಿದ್ರಾಯ್ತು” ಅಂದಳು. ಅವನು ಹೆಂಗಸರ ಕಡೆ ತಿರುಗಿದ.

“ಮಿಷನ್ನೆಲ್ಲ ನಿಲ್ಸಿ. ಬಾಗಿಲು ತೆಗೆಯೋವರೆಗೂ ಕೆಲಸ ಇಲ್ಲ.”

ಅಕ್ಕನ ಮುಖ ಕೆಂಪಾಯಿತು. “ನನ್ನ ಹತ್ರಾನೇ ಅಧಿಕಾರ ತೋರಿಸ್ತೀಯೇನೋ? ಯಾರು ಬೆಳೆಸಿದ್ದು ನಿನ್ನ?”

ಅವನು ಹಿಂಬಾಗಿಲ ಹತ್ತಿರ ಹೋದ. ಥಾನುಗಳನ್ನು ಹೊತ್ತು ಪಕ್ಕಕ್ಕೆ ಹಾಕತೊಡಗಿದ. ನೋಯುವ ಮೊಣಕಾಲು ಬೇರೆ. ಹೆಂಗಸರು ಒಬ್ಬೊಬ್ಬರೇ ಎದ್ದು ಕೈಜೋಡಿಸಿದರು. ಅಕ್ಕ ಮಾತ್ರ ಸ್ಟೂಲಿನ ಮೇಲೆ ಮುಖ ತಿರುಗಿಸಿ ಕೂತಳು. ಅವನು ಸುತ್ತಿಗೆ ತಂದು ಬೀಗ ಒಡೆದಾಗ ಬಾಗಿಲು ಕಿರುಗುಟ್ಟಿ ತೆರೆಯಿತು, ಹಿಂದಿನ ಮೆಟ್ಟಿಲ ಮೇಲಿನ ಬೆಳಕು ಒಳಗೆ ಬಿತ್ತು.

ಗುಂಡಿಗಳಿಗೆ ಕಾಜಾ ಹೊಲಿಯುವವಳು ಅಳುಕುತ್ತಲೇ ಬಾಯಿಬಿಟ್ಟಳು. “ಅಕ್ಕಾ, ಇಸ್ತ್ರಿ ವೈರು ಬಿಸಿಯಾಗಿ ವಾಸನೆ ಬಂದಾಗೆಲ್ಲ ನಾವು ಈ ಬಾಗಿಲ ಕಡೆ ನೋಡ್ತಿದ್ವಿ. ನಿಮ್ಗೆ ಹೇಳೋಕೆ ಧೈರ್ಯ ಬರ್ಲಿಲ್ಲ.”

ಅಕ್ಕ ಬೆಚ್ಚಿಬಿದ್ದಳು. ಎದ್ದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ತಮ್ಮನ ಮುಂದೆ ಬಂದು ನಿಂತಳು.

“ನಿಂಗೆ ಇದು ಮೊದಲೇ ಗೊತ್ತಿತ್ತಾ?”

“ಹೂಂ.”

“ಗೊತ್ತಿದ್ದೂ ಇಷ್ಟು ವರ್ಷ ಟೀ ಕುಡ್ಕೊಂಡು ಹೋದ್ಯೇನೋ? ಇವರೆಲ್ಲ ಒಳಗೇ ಕೂತಿದ್ರಲ್ಲೋ!”

“ನೀನು ಮಾತು ಬಿಡ್ತೀಯ ಅಂತ ಹೆದರಿಕೆ ಆಯ್ತಕ್ಕಾ.”

ಅಕ್ಕನಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಅಂಗಿಗೆ ಮೆತ್ತಿದ್ದ ಧೂಳು ಕೊಡವಿದಳು.

“ಮಾತು ಬಿಡಲ್ಲ. ಮನೆಗೆ ಬಾ, ದಿನಾ ಬಾ. ತಪಾಸಣೆಗೆ ಮಾತ್ರ ಇನ್ಮೇಲೆ ನೀನು ಬರಬೇಡ. ನನ್ನ ಕಂಡ್ರೆ ಆಗದವನು ಯಾರಾದ್ರೂ ಇದ್ರೆ ಕಳ್ಸು.”