ಬಂಗುಡೆ ಉಟ್ಟು ಬನ್ನಿ

ಕಡಬದ ಜನರಿಗೆ ಮೀನು ಉಟ್ಟುಕೊಂಡು ಬರಲು ಹೇಳಿದವಳು ನಾನು. ಇಮ್ತಿಯಾಜ್ ಅಲ್ಲ. ತಾನೇ ತಪ್ಪು ಮಾಡಿದ್ದೆಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ನಂಬಬೇಡಿ.

ಇಮ್ತಿಯಾಜ್ ಕಡಬದ ಕಡೆಯ ಸವಣೂರಿನ ಹುಡುಗ. ಸುಳ್ಯದಲ್ಲಿ ಇಂಜಿನಿಯರಿಂಗ್ ಓದಲು ಬಂದವನು ಆಲೆಟ್ಟಿಯ ನಮ್ಮ ಮನೆಯ ಬದಿಯ ಕೋಣೆಯಲ್ಲಿ ಸುಮಾರು ಐದು ವರ್ಷ ಬಾಡಿಗೆಗಿದ್ದ. ಉದ್ದ ಕುತ್ತಿಗೆ, ಬೆನ್ನಿಗೆ ಒಂದು ಚೀಲ, ಎರಡು ಕಿವಿ. ಕಿವಿ ಎಲ್ಲರಿಗೂ ಇರುತ್ತದೆ, ಇವನದ್ದು ಮಾತ್ರ ಬೇರೆ ತರದ್ದು. ಯಾರು ಏನು ಹೇಳಿದರೆಂದು ಅವನು ಕೇಳುವುದಿಲ್ಲ, ಹೇಗೆ ಹೇಳಿದರೆಂದು ಕೇಳುವುದು. ಒಂದು ದಿನ ನನ್ನ ಸೊಸೆ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳ ಹತ್ತಿರ ಜೋರು ಜಗಳಕ್ಕೆ ನಿಂತಿದ್ದಳು. ಇವನು ಹೋಗಿ, "ಅಕ್ಕ, ಆ ಕೊನೇದೊಂದು ಇನ್ನೊಮ್ಮೆ ಹೇಳಿ, ಸ್ವರ ಭಾರೀ ಲಾಯ್ಕುಂಟು" ಎಂದ. ಜಗಳ ಅಲ್ಲಿಗೇ ಸತ್ತಿತು. ಇಬ್ಬರೂ ಸೇರಿ ಇವನಿಗೆ ಬೈದರು.

ಅವನು ಎರಡನೇ ವರ್ಷದಲ್ಲಿದ್ದಾಗ ಗಲ್ಫಿನಲ್ಲಿ ತಂದೆ ದುಡಿಯುತ್ತಿದ್ದ ಅಂಗಡಿ ಮುಚ್ಚಿತು. ಅವರು ಒಂದು ಸೂಟ್‌ಕೇಸು, ಒಂದು ಮಂಡಿನೋವು ಹಿಡಿದುಕೊಂಡು ಊರಿಗೆ ಬಂದರು. ಇನ್ನು ಓದುವುದಿದ್ದರೆ ದುಡಿದೇ ಓದಬೇಕು. ಇಮ್ತಿಯಾಜ್ ಪುತ್ತೂರಿನ ಮದುವೆಗಳಲ್ಲಿ ಬಡಿಸಿದ, ಮೊಬೈಲಿಗೆ ಗಾಜು ಅಂಟಿಸಿದ, ನಮ್ಮ ಮಿಕ್ಸಿಯನ್ನು ಸರಿ ಮಾಡಲು ಬಿಚ್ಚಿ ಮೂರು ದಿನ ನನಗೆ ಕಲ್ಲಿನಲ್ಲಿ ಅರೆಯುವ ಯೋಗ ತಂದ. ಕೊನೆಗೆ ಅವನ ಕಿವಿಯೇ ಒಂದು ಕೆಲಸ ಹುಡುಕಿಕೊಟ್ಟಿತು. ಗಾಡಿಯಲ್ಲಿ ಸಾಮಾನು ಮಾರುವವರು ಮೈಕಿನಲ್ಲಿ ಹಾಕುತ್ತಾರಲ್ಲ, ಆ ಕೂಗನ್ನು ರೆಕಾರ್ಡ್ ಮಾಡಿ ಕೊಡುವುದು.

"ಎಲ್ಲರ ವ್ಯಾಪಾರವೂ ಬಿದ್ದುಹೋಗಿದೆ, ನಿನಗೆ ಯಾರು ದುಡ್ಡು ಕೊಡುದು ಮಾರಾಯ?" ಎಂದು ಕೇಳಿದೆ.

"ವ್ಯಾಪಾರ ಉಂಟಾದ್ರೆ ಬಾಯಿ ಮುಚ್ಚಿ ಕೂತ್ಕೊಳ್ತಾರೆ ಅಜ್ಜಿ. ಇಲ್ಲದಾಗಲೇ ಅಲ್ವಾ ಕೂಗುದು?"

ನಾನು ಮೂರನೇ ಕ್ಲಾಸು. ಆದರೂ ಅದು ಸರಿ ಎಂದು ಕಂಡಿತು.

ರೆಕಾರ್ಡ್ ಮಾಡಲು ಸದ್ದಿಲ್ಲದ ಜಾಗ ಬೇಕಂತೆ. ನಮ್ಮ ಚಾವಡಿಯಲ್ಲಿ ಭತ್ತ ತುಂಬುವ ಹಳೆಯ ಮರದ ಪತ್ತಾಯ ಉಂಟು, ಇಬ್ಬರು ಕೂರುವಷ್ಟು ದೊಡ್ಡ ಪೆಟ್ಟಿಗೆ. ಭತ್ತ ಬೆಳೆಯುವುದು ನಿಂತು ಎಷ್ಟೋ ಕಾಲವಾಗಿ ಅದರಲ್ಲಿ ಬೆಕ್ಕು ಮರಿ ಹಾಕುತ್ತಿತ್ತು. ಇವನು ಬೆಕ್ಕನ್ನು ಎಬ್ಬಿಸಿ, ಒಳಗೆ ಸುತ್ತಲೂ ಕಂಬಳಿ ಹೊಡೆದು, ಮುಚ್ಚಳ ಎಳೆದುಕೊಂಡು ಕೂತ. ಹೊರಗಿನ ಸದ್ದು ಒಳಗೆ ಬಾರದೆಂದು ಹೇಳಿದ್ದ. ಒಳಗಿನದ್ದು ಹೊರಗೆ ಬರುವುದಿಲ್ಲವೆಂದು ಹೇಳಿರಲಿಲ್ಲ. ನನ್ನ ಭಾವ ಮನೆಗೆ ಬಂದವರು ಕಾಫಿ ಹಿಡಿದು ಪತ್ತಾಯದ ಮೂಲೆಗೆ ಒರಗಿದ್ದರು. "ಹಳೇ ಕಬ್ಬಿಣ, ಗುಜರಿ ಸಾಮಾನು ಕೊಡುವವರು ಇದ್ದೀರಾ?" ಎಂದು ಪತ್ತಾಯ ಕೇಳಿತು. ಕಾಫಿ ಭಾವನ ಪಂಚೆಯ ಮೇಲೆ. ಅವರು ಈಗಲೂ ನಮ್ಮ ಮನೆಯಲ್ಲಿ ನಿಂತೇ ಕಾಫಿ ಕುಡಿಯುವುದು.

ಕೊನೆಯ ವರ್ಷದ ಕೊನೆಯ ಪರೀಕ್ಷೆ ಬಂತು. ಶನಿವಾರದೊಳಗೆ ಫೀಸು ಕಟ್ಟದಿದ್ದರೆ ಕೂರಲು ಬಿಡುವುದಿಲ್ಲ. ಅವನ ಕೈಯಲ್ಲಿದ್ದದ್ದು ಹಮೀದ್ ಬ್ಯಾರಿಗಳ ಕೆಲಸ ಒಂದೇ. ಅವರದ್ದು ಐದು ಮೀನಿನ ಗಾಡಿ. ಕಡಬದ ಕಡೆಗೆ ತುಳುವಿನಲ್ಲಿ ಕೂಗಬೇಕು, ನಮ್ಮ ಕಡೆಗೆ ಅರೆಭಾಷೆಯಲ್ಲಿ. ತುಳುವಿನದ್ದನ್ನು ಅವನೇ ಮುಗಿಸಿದ. ಅರೆಭಾಷೆಗೆ ಬಾಯಿ ಹಾಕಿದಾಗ ನಾನು ಅಡುಗೆಮನೆಯಿಂದಲೇ ಕೂಗಿದೆ: "ಉಂಟು ಅಲ್ಲ ಮಾರಾಯ, ಉಟ್ಟು! ನಮ್ಮ ಭಾಷೆಯಲ್ಲಿ ಉಂಟಿಗೆ ಉಟ್ಟು!"

ಪತ್ತಾಯದಿಂದ ತಲೆ ಹೊರಗೆ ಬಂತು. "ಅಜ್ಜಿ, ಆ ಸ್ವರ! ನೀವೇ ಬನ್ನಿ."

ಸ್ಟೂಲು ಇಟ್ಟು ನನ್ನನ್ನು ಒಳಗಿಳಿಸಿದ. ಕಂಬಳಿಯ ಸೆಕೆ, ಬೆಕ್ಕಿನ ನಾತ. "ತಾಜಾ ಬಂಗುಡೆ ಉಟ್ಟು ಬನ್ನಿ!" ಎಂದು ಒಂದೇ ಉಸಿರಿಗೆ ಒದರಿದೆ.

"ಉಟ್ಟು ಅಂದ ಮೇಲೆ ಸ್ವಲ್ಪ ನಿಲ್ಲಿ ಅಜ್ಜಿ. ಆಮೇಲೆ ಬನ್ನಿ ಅನ್ನಿ."

"ನಿಲ್ಲಲಿಕ್ಕೆ ನಾನೆಂತ ಬಸ್ಸಾ? ತೆಗಿ ಮುಚ್ಚಳ!"

ನಮ್ಮ ಕಡೆಯವರಿಗೆ ಹೇಗೂ ಅರ್ಥವಾಗುತ್ತದೆಂದು ಅವನೂ ಸುಮ್ಮನಾದ. ಎರಡು ಪೆನ್‌ಡ್ರೈವಿಗೆ ಚೀಟಿ ಸುತ್ತಿ, ಊರಿನ ಹೆಸರು ಬರೆದು ಇಟ್ಟು, "ಡ್ರೈವರ್ ಬಂದ್ರೆ ನೋಡಿ ಕೊಡಿ" ಎಂದು ಕಾಲೇಜಿಗೆ ಹೋದ. ಕಡಬದ ಗಾಡಿಯ ಡ್ರೈವರ್ ಬಂದ. ಕನ್ನಡಕ ಹುಡುಕುವ ತಾಳ್ಮೆ ನನಗಿಲ್ಲ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ.

ಗುರುವಾರ ಹನ್ನೊಂದು ಗಂಟೆಗೆ ಹಮೀದ್ ಬ್ಯಾರಿಗಳು ನಮ್ಮ ಅಂಗಳದಲ್ಲಿ ನಿಂತಿದ್ದರು. ಮುಖ ಕೆಂಪು. ಎದುರಿಗೆ ಇಮ್ತಿಯಾಜ್.

"ನನ್ನ ಮರ್ಯಾದೆ ಎಂತಕ್ಕೆ ತೆಗ್ದದ್ದು ನೀನು? ಕಡಬದಲ್ಲಿ ಇಡೀ ಪೇಟೆ ನಗಾಡ್ತಾ ಉಂಟು. ಹೆಂಗಸರು ಕೇಳ್ತಾರೆ, ಬಂಗುಡೆಗೆ ಅಂಚು ಯಾವ ಬಣ್ಣದ್ದು ಅಂತ! ರವಿಕೆ ಕಣ ಒಟ್ಟಿಗೆ ಉಂಟಾ ಅಂತ! ನಾನು ಮೀನು ಮಾರುದಾ, ಜವಳಿ ಮಾರುದಾ? ನಾಳೆಯಿಂದ ನೀನು ಬೇಡ."

"ತಪ್ಪು ನನ್ನದು ಹಮೀದಾಕ" ಎಂದ ಇವನು. ಕತ್ತು ಇನ್ನೂ ಉದ್ದ ಕಂಡಿತು. ಶನಿವಾರಕ್ಕೆ ಎರಡೇ ದಿನ.

ನಾನು ಹಲಸಿನ ಮೇಣದ ಕೈಯಲ್ಲೇ ಹೊರಗೆ ಬಂದೆ. "ಸುಳ್ಳು ಬ್ಯಾರಿಗಳೇ! ಕೂಗಿದ್ದು ನಾನು, ನಿಲ್ಲದ್ದು ನಾನು, ಅದಲುಬದಲು ಕೊಟ್ಟದ್ದೂ ನಾನು. ಬೈಯುದಾದ್ರೆ ಇಲ್ಲಿ ಬೈಯಿರಿ!"

ಬ್ಯಾರಿಗಳು ಬಾಯಿ ತೆರೆದರು. "ಆ ಸ್ವರ... ನಿಮ್ಮದಾ?"

"ಮತ್ತೆ ಬೆಕ್ಕಿನದ್ದಾ? ಮೀನು ಎಂತಾಯ್ತು ಹೇಳಿ."

"ಎಂತಾಗುದು? ನಗಾಡ್ಲಿಕ್ಕೆ ಬಂದವರೆಲ್ಲ ತಕ್ಕೊಂಡು ಹೋದ್ರು! ಹತ್ತು ಗಂಟೆಗೆ ಗಾಡಿಯಲ್ಲಿ ಐಸು ಮಾತ್ರ!" ಎಂದು ಸಿಟ್ಟಿನಲ್ಲೇ ಕಿರುಚಿದರು.

ತಾವು ಹೇಳಿದ್ದು ಅವರಿಗೇ ಆಮೇಲೆ ಕೇಳಿಸಿತು. ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. ಅವರು ತೆಂಗಿನಕಟ್ಟೆಯ ಮೇಲೆ ಕುಸಿದು ಕೂತರು. ಇಮ್ತಿಯಾಜ್ ನಕ್ಕ, ಸೊಸೆ ನಕ್ಕಳು, ಬಾವಿಕಟ್ಟೆಯಲ್ಲಿ ಜಗಳಾಡಿದ್ದ ಪಕ್ಕದ ಮನೆಯವಳೂ ಬೇಲಿಯಾಚೆಯಿಂದ ನಕ್ಕಳು. "ಐದೂ ಗಾಡಿಗೆ ಅದನ್ನೇ ಹಾಕು. ಬೂತಾಯಿ ಮೀನಿಗೂ ಒಂದು ಮಾಡು" ಎಂದು ಕಣ್ಣೊರೆಸಿಕೊಂಡು ಬ್ಯಾರಿಗಳು ದುಡ್ಡು ಕೊಟ್ಟು ಹೋದರು. ಶುಕ್ರವಾರವೇ ಫೀಸು ಕಟ್ಟಿ ಆಯಿತು.

ಆಮೇಲೆ ನನ್ನ ಸ್ವರ ನನಗಿಂತ ಜಾಸ್ತಿ ಊರು ತಿರುಗಿತು. ಪುತ್ತೂರಿನ ಬಸ್ಸಿನಲ್ಲಿ ನಾನು ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ತಿರುಗಿ, "ಬಂಗುಡೆ ಅಜ್ಜಿ!" ಎನ್ನುವುದು. ಹೌದು, ನಾನೇ, ಎಂತ ಈಗ?

ಇಮ್ತಿಯಾಜ್ ಪಾಸಾದ. ಕೆಲಸ ಕೊಡಲು ಕಾಲೇಜಿಗೆ ಬರುತ್ತಿದ್ದ ಕಂಪನಿಗಳು ಆ ವರ್ಷ ಬರಲಿಲ್ಲ. ಎಂಟು ತಿಂಗಳು ಪತ್ತಾಯದಲ್ಲೇ ಕೂತು ಹಾಸಿಗೆ, ಹಪ್ಪಳ, ಬಂಪರ್ ಸೇಲು ಎಲ್ಲ ಕೂಗಿದ. ಕೊನೆಗೆ ಹಾಸನದಲ್ಲಿ ಒಂದು ಹಾಲಿನ ಡೈರಿಯ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. "ಯಂತ್ರದ ಸದ್ದು ಕೇಳಿಯೇ ಎಲ್ಲಿ ಹಾಳಾಗಿದೆ ಅಂತ ಹೇಳಿದೆ ಅಜ್ಜಿ. ತಕ್ಕೊಂಡ್ರು!" ಎಂದು ಅಂಗಳದಲ್ಲಿ ಕುಣಿದ. ಬೆಕ್ಕು ಹೆದರಿ ಓಡಿತು.

ಹೋಗುವ ದಿನ ಒಂದು ಕಟ್ಟು ನನ್ನ ಕೈಗಿಟ್ಟ. ಬಿಚ್ಚಿದರೆ ಸೀರೆ. ಮೈ ಹಸಿರು ಬೆರೆತ ನೀಲಿ, ಅದರ ಮೇಲೆ ಕಪ್ಪು ಅಲೆ ಅಲೆ ಗೆರೆ, ಅಂಚು ಬೆಳ್ಳಿ. ಥೇಟು ಬಂಗುಡೆ.

"ಎಂತಕ್ಕೆ ದುಡ್ಡು ಹಾಳು ಮಾಡುದು? ನನ್ನ ಪ್ರಾಯಕ್ಕೆ ಇದಾ?" ಎಂದು ಬೈದೆ. ಉದ್ದವೂ ಸ್ವಲ್ಪ ಕಡಿಮೆ ಇತ್ತು, ಅದನ್ನೂ ಹೇಳಿದೆ.

ಬಸ್ಸು ಹೊರಟ ಮೇಲೆ ಕಿಟಕಿಯಿಂದ ಆ ಕುತ್ತಿಗೆ ಹೊರಗೆ ಬಂತು. "ಅಜ್ಜಿ, ಹಾಸನಕ್ಕೆ ಆ ಸೀರೆ ಉಟ್ಟು," ಎಂದು ನನಗೆ ಕಲಿಸಿದ ಹಾಗೆ ಸ್ವಲ್ಪ ನಿಲ್ಲಿಸಿ, "ಬನ್ನಿ!" ಎಂದ.

ಮರುದಿನ ಬೆಳಿಗ್ಗೆ ದೂರದಲ್ಲಿ ನನ್ನ ಸ್ವರ ಕೇಳಿತು. ಆ ಸೀರೆ ಉಟ್ಟೆ, ಪಾತ್ರೆ ಹಿಡಿದುಕೊಂಡು ರಸ್ತೆಗೆ ಹೋದೆ. ಡ್ರೈವರ್ ಗಾಡಿ ನಿಲ್ಲಿಸಿ, ಮೈಕು ಬಂದ್ ಮಾಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ನೋಡುದು? ಉಟ್ಟು ಬನ್ನಿ ಅಂತ ನೀನೇ ಕೂಗಿದ್ದಲ್ವಾ? ಬಂದಿದ್ದೇನೆ. ಒಂದು ಕಿಲೋ ಹಾಕು" ಎಂದೆ.